ಮೆಣಸಿನಕಾಯಿ ಇಲ್ಲದ ಊಟ

ತಿಥಿ ಅಡುಗೆಗೆ ಮೆಣಸಿನಕಾಯಿ ಬೀಳುವುದಿಲ್ಲ. ಬಿಂಡಿಗನವಿಲೆಯ ಹಳೆಯ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಖಾರಕ್ಕೆ ಕರಿಮೆಣಸು. ಆಲೂಗೆಡ್ಡೆ, ಟೊಮ್ಯಾಟೊ, ಕೋಸು ಎಲ್ಲ ಹೊರಗೆ. ಬಾಳೆಕಾಯಿ, ಹಾಗಲಕಾಯಿ, ಕೆಸವಿನ ಗೆಡ್ಡೆ ಒಳಗೆ. ಈರುಳ್ಳಿ ಬೆಳ್ಳುಳ್ಳಿಯ ಮಾತೇ ಇಲ್ಲ. ಉದ್ದಿನ ವಡೆ, ಎಳ್ಳುಂಡೆ ಇರಲೇಬೇಕು. ಮೆಣಸಿನಕಾಯಿ ಯಾಕೆ ಹಾಕಬಾರದು ಎಂದು ಮಕ್ಕಳು ಕೇಳಿದರೆ, "ಹಾಕಬಾರದು, ಅಷ್ಟೇ" ಎನ್ನುವ ಉತ್ತರ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹರಿದು ಬಂದಿದೆ.

ಶಾಸ್ತ್ರ ಏನು ಹೇಳುತ್ತದೋ ಶಾಸ್ತ್ರಿಗಳಿಗೆ ಬಿಡೋಣ. ಕಣ್ಣಿಗೆ ಕಾಣುವ ಕಾರಣವೊಂದಿದೆ. ಮೆಣಸಿನಕಾಯಿ ನಮ್ಮ ಗಿಡವಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಈ ದೇಶಕ್ಕೆ ಬಂದದ್ದು. ಬಂದವನಿಗೆ ಸ್ವಂತ ಹೆಸರೂ ಸಿಗಲಿಲ್ಲ. ನಮ್ಮ ಮೆಣಸಿನ ಹೆಸರನ್ನೇ ಕಡ ಕೊಟ್ಟು ಮೆಣಸಿನಕಾಯಿ ಎಂದೆವು. ಆಮೇಲೆ ಆ ಹೊಸಬ ದಿನದ ಅಡುಗೆಮನೆಯನ್ನೆಲ್ಲ ಆಕ್ರಮಿಸಿಕೊಂಡ. ತಿಥಿಯ ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಲಾಗಲಿಲ್ಲ. ನಮ್ಮ ಮುತ್ತಜ್ಜನ ಮುತ್ತಜ್ಜ ಉಂಡ ಸಾರಿನ ರುಚಿ ಹೇಗಿತ್ತೆಂದು ತಿಳಿಯಬೇಕಾದರೆ ವರ್ಷದಲ್ಲಿ ಆ ಒಂದು ದಿನದ ಸಾರನ್ನು ಉಣ್ಣಬೇಕು.

ಇದೇ ಲೆಕ್ಕ ಐದು ಸಾವಿರ ಕಿಲೋಮೀಟರಿಗೂ ಆಚೆ, ಕೊರಿಯ ದೇಶದ ಆಂದೋಂಗ್ ಎನ್ನುವ ಊರಿನಲ್ಲೂ ನಡೆಯುತ್ತದೆ ಎಂಬುದು ಬಿಂಡಿಗನವಿಲೆಯ ಒಂದು ಮನೆಗೆ ಗೊತ್ತಾದದ್ದು 2024ರ ಬೇಸಿಗೆಯಲ್ಲಿ.

ಬಿಂಡಿಗನವಿಲೆ ನಾಗಮಂಗಲ ತಾಲ್ಲೂಕಿನ ಒಂದು ಹೋಬಳಿ. ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಭತ್ತ, ನಾಲೆ ಎಂದುಕೊಂಡವರು ಈ ಕಡೆ ಬಂದರೆ ಬೆಪ್ಪಾಗುತ್ತಾರೆ. ಇದು ಮಳೆ ನಂಬಿದ ಸೀಮೆ. ರಾಗಿ, ಹುರುಳಿ, ತೆಂಗು. ಊರಿನ ಹೆಸರು ದೂರದೂರಕ್ಕೆ ಹೋಗಿರುವುದು ಚೆನ್ನಕೇಶವನ ಗುಡಿಯ ಗರುಡನಿಂದ. ಇಲ್ಲಿಂದ ಎದ್ದು ಹೋದ ಅಯ್ಯಂಗಾರರ ಮನೆತನಗಳು ಮೈಸೂರು, ಬೆಂಗಳೂರು, ಮುಂಬಯಿ, ಅಮೆರಿಕ ಎಂದು ಚದುರಿಹೋಗಿದ್ದರೂ ಗರುಡನಿಗೆ ಹರಕೆ ಹೊತ್ತು ಕಾರು ಮಾಡಿಕೊಂಡು ಬರುತ್ತಾರೆ. ಪೂಜೆ ಮುಗಿಸಿ, ತಾತ ಇದ್ದ ಬೀದಿ ಯಾವುದೆಂದು ವಿಚಾರಿಸಿ, ಫೋಟೊ ಹೊಡೆದುಕೊಂಡು ಸಂಜೆಗೆ ವಾಪಸಾಗುತ್ತಾರೆ. ಹಾಗೆ ವಾಪಸಾಗದೆ ಉಳಿದ ಮನೆಗಳಲ್ಲಿ ಒಂದು ಮೇಷ್ಟ್ರದು. ಅವರ ಹೆಂಡತಿಯನ್ನು ಊರೆಲ್ಲ ಕರೆಯುವುದು ಮೇಷ್ಟ್ರಮ್ಮ ಎಂದೇ. ಆಕೆಯ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿದೆ.

ಮೇಷ್ಟ್ರಿಗೆ ಕೊರಿಯ ಗೊತ್ತಿದ್ದದ್ದು ಒಬ್ಬನೇ ಮನುಷ್ಯನ ಮೂಲಕ. ಅದು ಕೊಡಗಿನ ಜನರಲ್ ತಿಮ್ಮಯ್ಯ. 1950ರಲ್ಲಿ ಶುರುವಾದ ಕೊರಿಯ ಯುದ್ಧ 1953ರ ಜುಲೈನಲ್ಲಿ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹಣೆಬರಹ ತೀರ್ಮಾನವಾಗಬೇಕಿತ್ತು. ಅದಕ್ಕೆಂದು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಕೈದಿಗಳ ಕಾವಲಿಗೆ ಭಾರತದ ಪಡೆ. ಎರಡೂ ಕಡೆಯವರು ಬೈಯುತ್ತಿದ್ದರೂ ಆ ಮನುಷ್ಯ ಯಾರ ಕಡೆಗೂ ವಾಲಲಿಲ್ಲ ಎಂದು ಮೇಷ್ಟ್ರು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದರು. "ಎಲ್ಲಿದೆ ಸಾರ್ ಕೊರಿಯ?" ಎಂದರೆ ಗೋಡೆಯ ನಕ್ಷೆಯಲ್ಲಿ ಚೀನಾದ ಬಲಗಡೆ ಇಳಿಬಿದ್ದ ತುಂಡನ್ನು ಕೋಲಿನಿಂದ ಮುಟ್ಟಿ ತೋರಿಸುತ್ತಿದ್ದರು. ತಮ್ಮ ಮಗ ಆ ತುಂಡಿನಲ್ಲಿ ಮನೆ ಮಾಡುತ್ತಾನೆಂದು ಆಗ ಅವರಿಗೇನು ಗೊತ್ತು?

ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದ. ಆ ಕಂಪನಿ ಅವನನ್ನು ಸೋಲ್ ನಗರದ ದಕ್ಷಿಣಕ್ಕಿರುವ ಸುವೊನ್ ಎಂಬಲ್ಲಿಗೆ ಕಳಿಸಿತು. ಎರಡು ವರ್ಷ ಎಂದು ಹೋದವನು ಅಲ್ಲೇ ಉಳಿದ. 2019ರ ದಸರೆಗೆ ಫೋನ್ ಮಾಡಿ, ಜೊತೆಯಲ್ಲಿ ಕೆಲಸ ಮಾಡುವ ಆಂದೋಂಗ್ ಕಡೆಯ ಹುಡುಗಿಯ ವಿಷಯ ಹೇಳಿದ. ಮೇಷ್ಟ್ರು ಒಂದು ನಿಮಿಷ ಸುಮ್ಮನಿದ್ದು, "ಒಂದು ಸಲ ಕರ್ಕೊಂಡು ಬಾ, ನೋಡೋಣ" ಎಂದರು. ಏಪ್ರಿಲ್‌ನಲ್ಲಿ ಬರುವುದೆಂದು ಟಿಕೆಟ್ ಆಯಿತು. 2020ರ ಮಾರ್ಚ್ ಕೊನೆಯ ವಾರ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹೊರದೇಶದ ವಿಮಾನಗಳು ನಿಂತವು. ಏಪ್ರಿಲ್‌ನಲ್ಲಿ, ಒಂದು ಬೆಳಗಿನ ಜಾವ, ಮೇಷ್ಟ್ರ ಎದೆಯೂ ನಿಂತಿತು. ಬೆಂಕಿ ಕೊಟ್ಟವನು ದಾಯಾದಿ ಅಣ್ಣನ ಮಗ. ಸ್ವಂತ ಮಗ ಸುವೊನ್‌ನ ಹತ್ತನೆಯ ಮಹಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದ. ಸಿಗ್ನಲ್ ಮಧ್ಯೆ ಮಧ್ಯೆ ಕೈಕೊಡುತ್ತಿತ್ತು.

ಮೇಷ್ಟ್ರಮ್ಮನಿಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಹೇಳುವುದು ಕಷ್ಟ. ರೋಗದ ಮೇಲೆ ಸಿಟ್ಟು ಮಾಡಿಕೊಳ್ಳಲಾಗುವುದಿಲ್ಲ, ಸರ್ಕಾರದ ಮೇಲೆ ಮಾಡಿಕೊಂಡು ಪ್ರಯೋಜನವಿಲ್ಲ, ಮಗನ ಮೇಲೆ ಮಾಡಿಕೊಳ್ಳಲು ಕರುಳು ಬಿಡುವುದಿಲ್ಲ. ಉಳಿದವಳು ಕಂಡಿರದ ಹುಡುಗಿ. ಅವಳಿಲ್ಲದಿದ್ದರೆ ಮಗ ಎರಡೇ ವರ್ಷಕ್ಕೆ ವಾಪಸು ಬಂದಿರುತ್ತಿದ್ದ ಎಂಬ ಲೆಕ್ಕ ಆಕೆಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. 2022ರಲ್ಲಿ ಸುವೊನ್‌ನಲ್ಲೇ ಮದುವೆ ನೋಂದಣಿಯಾಯಿತು. ವೀಡಿಯೊ ಕರೆಯಲ್ಲಿ ಸೊಸೆ ಬಗ್ಗಿ ನಮಸ್ಕಾರ ಮಾಡಿದರೆ ಅತ್ತೆ "ಚೆನ್ನಾಗಿದ್ದೀಯಾ?" ಎನ್ನುವುದು, ಅವಳು "ಚೆನ್ನಾಗಿದ್ದೀನಿ" ಎನ್ನುವುದು. ಎರಡು ವರ್ಷ ಮಾತು ಇದರಿಂದ ಮುಂದಕ್ಕೆ ಹೋಗಲಿಲ್ಲ.

ನಾಲ್ಕನೆಯ ವರ್ಷದ ತಿಥಿಗೆ ಇಬ್ಬರೂ ಬಂದಿಳಿದರು. ರಾಜ್ಯಕ್ಕೆಲ್ಲ ಬರ ಬಿದ್ದಿದ್ದ ವರ್ಷ. ಕೆರೆಯಂಗಳ ಬಿರುಕು ಬಿಟ್ಟಿತ್ತು. ಊರಿಗೆ ಮಾತ್ರ ಸಂಭ್ರಮ. ಕೊರಿಯ ಈಗ ಬಿಂಡಿಗನವಿಲೆಗೂ ಹೊಸದಲ್ಲ. ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡಿ ಅಳುತ್ತಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಬೆಂಕಿಯಂಥ ಖಾರದ ಶಾವಿಗೆ ಪೊಟ್ಟಣ ಸಿಗುತ್ತದೆ. ಅದನ್ನು ತಿಂದು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುವುದೇ ಒಂದು ಆಟ. ನೆಂಟರ ಮಕ್ಕಳು ಸೊಸೆಯ ಸುತ್ತ ಕೂತು ಹಾಡುಗಾರರ ಹೆಸರು ಹೇಳಿ ಕುಣಿದರು. ದೊಡ್ಡವರ ಕುತೂಹಲ ಬೇರೆ ತೆರ. "ಅಲ್ಲಿ ನಾಯಿ ತಿಂತಾರಂತೆ, ಹೌದೇನೋ?" ಎಂದು ಮಗನನ್ನು ಹಿತ್ತಲಿಗೆ ಕರೆದು ಕೇಳಿದರು. ಈಗ ತಿನ್ನುವವರು ಬಹಳ ಕಡಿಮೆ, ಅದನ್ನು ನಿಷೇಧಿಸುವ ಕಾನೂನು 2024ರ ಜನವರಿಯಲ್ಲೇ ಪಾಸಾಗಿದೆ, 2027ರಿಂದ ಜಾರಿಗೆ ಬರುತ್ತದೆ ಎಂದು ಅವನು ಹೇಳಿದ. ಕೇಳಿದವರಿಗೆ ಕಾನೂನಿನ ವಿಷಯ ಅಷ್ಟು ರುಚಿಸಲಿಲ್ಲ.

ತಿಥಿಯ ದಿನ ಸೊಸೆಯನ್ನು ಹಜಾರದಲ್ಲಿ ಕೂರಿಸಿದರು. ಅಡುಗೆಮನೆಗೆ ಪ್ರವೇಶವಿಲ್ಲವೆಂದು ಮಗ ಮೊದಲೇ ಹೇಳಿದ್ದ. ಅವಳು ಕಂಬಕ್ಕೆ ಒರಗಿ ಕೂತು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಒಂದೇ ಸಮನೆ ನೋಡಿದಳು. ಒಳಗೆ ಮೇಷ್ಟ್ರಮ್ಮ ಮತ್ತಿಬ್ಬರು ಹೆಂಗಸರು ಮಡಿಯಲ್ಲಿ ಒಲೆಯ ಮುಂದೆ ಬೇಯುತ್ತಿದ್ದರು. ಹೊರಗೆ ಮಗ ದರ್ಭೆ ತೊಟ್ಟು ಪುರೋಹಿತರು ಹೇಳಿದ್ದನ್ನು ತಪ್ಪುತ್ತಾ ತಿದ್ದಿಕೊಳ್ಳುತ್ತಾ ಹೇಳುತ್ತಿದ್ದ. ಆಮೇಲೆ ಪಿಂಡ, ಎಳ್ಳುನೀರು. ಎಲ್ಲ ಮುಗಿದು ಕಾಗೆಗೆಂದು ಎಲೆಯಲ್ಲಿ ಅನ್ನವಿಟ್ಟು ಹಿತ್ತಿಲ ಗೋಡೆಯ ಕಡೆ ನೋಡುತ್ತಾ ನಿಂತರು. ಕಾಗೆ ಬರುವವರೆಗೆ ಯಾರೂ ಮಾತಾಡಲಿಲ್ಲ.

ಆ ಆರು ಗಂಟೆಯಲ್ಲಿ ಅವಳು ಗಂಡನನ್ನು ಕೇಳಿದ್ದು ಮೂರೇ ಪ್ರಶ್ನೆ. ಅಡುಗೆ ಮಾಡುವವರು ಉಪ್ಪು ಖಾರ ರುಚಿ ನೋಡುವುದಿಲ್ಲವೆ? ಅಡುಗೆ ಮಾಡಿದವರು ಮುಂದೆ ಬಂದು ಕೂರುವುದಿಲ್ಲವೆ? ಬಾಗಿಲು ಯಾವಾಗ ಮುಚ್ಚುತ್ತೀರಿ?

ಮೂರನೆಯ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. ಯಾವ ಬಾಗಿಲು? ಆಗ ಅವಳು ಹೇಳಿದ್ದು ತನ್ನ ಅಜ್ಜನ ಮನೆಯ ಜೆಸಾ.

ಜೆಸಾ ಎಂದರೆ ಕೊರಿಯದವರ ತಿಥಿ. ಆಂದೋಂಗ್ ಅದಕ್ಕೆ ಹೆಸರಾದ ಊರು. ಹದಿನಾರನೆಯ ಶತಮಾನದಲ್ಲಿ ಬದುಕಿದ್ದ ಈ ಹ್ವಾಂಗ್ ಎಂಬ ದೊಡ್ಡ ಕನ್‌ಫ್ಯೂಷಿಯನ್ ಪಂಡಿತರ ಗುರುಕುಲ ಅಲ್ಲಿದೆ. ಅವರ ಚಿತ್ರ ಇಂದಿಗೂ ಕೊರಿಯದ ಸಾವಿರ ವೊನ್ ನೋಟಿನ ಮೇಲಿದೆ. ಪಂಡಿತರ ಊರೆಂದ ಮೇಲೆ ನೇಮನಿಷ್ಠೆಗೆ ಕೇಳಬೇಕೆ? ಹಿರಿಯರು ತೀರಿಕೊಂಡ ತಿಥಿಯ ನಡುರಾತ್ರಿ, ಮಡಿಸುವ ತಟ್ಟಿಯ ಮುಂದೆ ಎತ್ತರದ ಮೇಜು, ಅದರ ಮೇಲೆ ಕಾಗದದಲ್ಲಿ ಬರೆದ ಹಿರಿಯರ ಹೆಸರು, ಅದರ ಮುಂದೆ ಸಾಲು ಸಾಲಾಗಿ ಅಡುಗೆ. ಯಾವ ಸಾಲಿನಲ್ಲಿ ಯಾವುದು, ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎನ್ನುವುದರಲ್ಲಿ ಮನೆಮನೆಗೊಂದು ಜಗಳ. ಅನ್ನದ ಬಟ್ಟಲಿನಲ್ಲಿ ಚಮಚವನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುತ್ತಾರೆ. ಹಿರಿಯರು ಊಟ ಶುರು ಮಾಡಲೆಂದು. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಸದ್ದಿಲ್ಲದೆ ನಿಲ್ಲುತ್ತಾರೆ. ಒಬ್ಬರು ನೋಡುತ್ತಿದ್ದರೆ ಉಣ್ಣುವವರಿಗೆ ಸಂಕೋಚವಲ್ಲವೆ? ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಮೂರು ಸಲ ಕೆಮ್ಮಿ ಬಾಗಿಲು ತೆಗೆಯುತ್ತಾನೆ. ಗೋಡೆಯ ಕಡೆ ನೋಡುತ್ತಾ ಎಲ್ಲರೂ ಬಾಯಿ ಮುಚ್ಚಿ ನಿಂತದ್ದನ್ನು ಕಂಡಾಗ ಅವಳಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಹಿರಿಯರಿಗೆ ಇಟ್ಟದ್ದನ್ನು ಆಮೇಲೆ ಮನೆಯವರು ಹಂಚಿಕೊಂಡು ಉಣ್ಣುತ್ತಾರೆ. ಆಶೀರ್ವಾದವೇ ಹೊಟ್ಟೆಗಿಳಿಯಿತೆಂದು ಭಾವನೆ. ನಾವು ಪಿತೃಶೇಷ ಎನ್ನುವುದಕ್ಕೆ ಅವರಲ್ಲಿ ಉಂಬೋಕ್ ಎಂದು ಹೆಸರು. ರಾತ್ರಿ ಮಗ ಇದನ್ನೆಲ್ಲ ತಾಯಿಗೆ ಹೇಳುವಾಗ ಮೇಷ್ಟ್ರಮ್ಮ ಈ ಮಾತಿಗೆ ಕಿವಿ ನಿಮಿರಿಸಿದರು.

"ಏನಂದೆ? ಉಂಬೋಕಾ? ಉಂಬೋಕೆ ತಾನೆ ಮಾಡೋದು!"

ಇದು ಕಿವಿಗೆ ಬಿದ್ದ ಸದ್ದಿನ ಆಟ, ಅಷ್ಟೇ. ತಂದೆಯನ್ನು ಅವರೂ ಅಪ್ಪಾ ಎನ್ನುತ್ತಾರೆ, ತಾಯಿಯನ್ನು ಕರೆಯುವ ಮಾತೂ ಅಮ್ಮಾ ಎಂದೇ ಕೇಳುತ್ತದೆ. ಹೀಗೆ ಕೇಳಿಸಿದ್ದನ್ನೂ ವ್ಯಾಕರಣವನ್ನೂ ಹಿಡಿದು ಹಲ್ಬರ್ಟ್ ಎಂಬ ಅಮೆರಿಕನ್ನರು 1905ರಲ್ಲಿ ಕೊರಿಯನ್ ಭಾಷೆಗೂ ದ್ರಾವಿಡ ಭಾಷೆಗಳಿಗೂ ನಂಟು ಹಾಕಿ ಪುಸ್ತಕವನ್ನೇ ಬರೆದರು. ಇಂದಿನ ಭಾಷಾಪಂಡಿತರು ಅದನ್ನು ಒಪ್ಪುವುದಿಲ್ಲ. ಆದರೆ ನಂಟಸ್ತನ ಬೆಳೆಯಬೇಕಾದರೆ ಪಂಡಿತರ ಒಪ್ಪಿಗೆ ಯಾರಿಗೆ ಬೇಕು?

ನಕ್ಕು ಸುಮ್ಮನಾದ ಮೇಷ್ಟ್ರಮ್ಮ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅವರ ಮನೇಲೂ ಹೆಂಗಸರು ಬೇಯಿಸೋದು, ಗಂಡಸರು ಮುಂದೆ ಕೂರೋದಾ?"

ಹೌದಂತೆ. ಅವಳ ಅಜ್ಜಿ ಮದುವೆಯಾಗಿ ಬಂದ ದಿನದಿಂದ ವರ್ಷಕ್ಕೆ ಹತ್ತು ಜೆಸಾಕ್ಕೆ ಅಡುಗೆ ಮಾಡಿದವರಂತೆ. ಒಂದು ಸಲವೂ ಆ ಮೇಜಿನ ಮುಂದೆ ನಿಂತು ನಮಸ್ಕಾರ ಮಾಡಿದವರಲ್ಲವಂತೆ. ಈಚೆಗೆ ಅಲ್ಲಿ ಹೆಂಗಸರು ಈ ಚಾಕರಿಗೆ ತಿರುಗಿಬಿದ್ದಿದ್ದಾರೆ. ಎಷ್ಟೆಂದರೆ 2022ರ ಸೆಪ್ಟೆಂಬರ್‌ನಲ್ಲಿ ಕನ್‌ಫ್ಯೂಷಿಯನ್ ಸಂಪ್ರದಾಯದ ಹಿರಿಯ ಪೀಠವಾದ ಸಂಗ್‌ಗ್ಯುನ್‌ಗ್ವಾನ್ ಸಂಸ್ಥೆಯೇ, ಹಬ್ಬದ ದಿನ ಹಿರಿಯರಿಗಿಡುವ ಎಡೆಗೆ ಎಣ್ಣೆಯಲ್ಲಿ ಕರಿದದ್ದು ಕಡ್ಡಾಯವಲ್ಲ, ಕೆಲವೇ ಬಗೆಯ ಅಡುಗೆ ಸಾಕು ಎಂದು ಹೇಳಿಕೆ ಕೊಡಬೇಕಾಯಿತು.

"ನಮ್ಮ ಮಠದವರು ಯಾವಾಗ ಹೇಳ್ತಾರೋ" ಎಂದರು ಮೇಷ್ಟ್ರಮ್ಮ. ನಲವತ್ತಾರು ವರ್ಷ ಅತ್ತೆಗೆ, ಮಾವನಿಗೆ, ಕೊನೆಗೆ ಗಂಡನಿಗೆ ತಿಥಿ ಅಡುಗೆ ಮಾಡಿದ ಕೈ ಅದು. ಮಧ್ಯಾಹ್ನ ಮೂರಕ್ಕೆ ಮೊದಲು ಆ ದಿನಗಳಲ್ಲಿ ಒಂದು ಲೋಟ ಕಾಫಿ ಕುಡಿದದ್ದಿಲ್ಲ.

ಎರಡು ದಿನ ಬಿಟ್ಟು ಸೊಸೆ ಗಂಡನ ಮೂಲಕ ಒಂದು ಕೋರಿಕೆ ಮುಂದಿಟ್ಟಳು. ತಾನು ಒಂದು ಹೊತ್ತು ಅಡುಗೆ ಮಾಡಬಹುದೆ?

ಮನೆಯಲ್ಲಿ ಮೌನ. ಕೊರಿಯದ ಅಡುಗೆ ಎಂದರೆ ಕಿಮ್ಚಿ, ಕಿಮ್ಚಿ ಎಂದರೆ ಅದರೊಳಗೆ ಉಪ್ಪಿನಲ್ಲಿ ಕೊಳೆಹಾಕಿದ ಸೀಗಡಿ, ಮೀನಿನ ರಸ, ಬೆಳ್ಳುಳ್ಳಿ ಎಂದು ನೆಂಟರ ಹುಡುಗಿ ಮೊಬೈಲಿನಲ್ಲಿ ಓದಿ ಹೇಳಿಯಾಗಿತ್ತು. ಹಿತ್ತಲಲ್ಲಿ ನೀರು ಕಾಯಿಸುವ ಒಲೆ ಇದೆ, ಬೇಕಾದರೆ ಅಲ್ಲಿ ಮಾಡಿಕೊಳ್ಳಲಿ, ಹುಡುಗರು ತಿಂದುಕೊಳ್ಳಲಿ ಎಂದು ಓರಗಿತ್ತಿ ಸಲಹೆ ಕೊಟ್ಟರು. ಯಾರ ಮನಸ್ಸೂ ನೋಯದ ಸಲಹೆಯೇ. ಮೇಷ್ಟ್ರಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆಗೆ ತೊಡಗಿದರು. ಮಗ ದುಭಾಷಿ.

ಮೀನು ಉಂಟೋ? ಇಲ್ಲ. ಮಾಂಸ? ಊರಿನಲ್ಲಿ ಮಾಡುವಾಗ ಉಂಟು; ದನದ ಮಾಂಸ, ಉಪ್ಪುಮೀನು ಎಲ್ಲ ಇರುತ್ತದೆ, ಅದನ್ನು ಬಿಟ್ಟು ಬರೀ ಸೊಪ್ಪು ತರಕಾರಿಯಲ್ಲಿ ಮಾಡುತ್ತೇನೆ. ಇದ್ದದ್ದನ್ನು ಇಲ್ಲವೆನ್ನಲಿಲ್ಲವಲ್ಲ ಎಂದು ಮೇಷ್ಟ್ರಮ್ಮನಿಗೆ ಮೆಚ್ಚಿಕೆಯಾಯಿತು. ಬೆಳ್ಳುಳ್ಳಿ? ಇಲ್ಲ. ಮೆಣಸಿನಕಾಯಿ? ಅದೂ ಇಲ್ಲ.

ಕೊರಿಯದ ಅಡುಗೆಗೆ ಮೆಣಸಿನಕಾಯಿ ಇಲ್ಲವೆ? ಆ ಶಾವಿಗೆ ಪೊಟ್ಟಣ ತಿಂದವರಿಗೆಲ್ಲ ಆಶ್ಚರ್ಯ. ಸೊಸೆ ಹೇಳಿದಳು: ಇದು ಜೆಸಾದ ಅಡುಗೆ. ಜೆಸಾಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕುವುದಿಲ್ಲ. ಕೆಂಪು ಬಣ್ಣಕ್ಕೂ ಬೆಳ್ಳುಳ್ಳಿಯ ಘಾಟಿಗೂ ಪ್ರೇತಗಳು ಓಡಿಹೋಗುತ್ತವೆಂದು ನಂಬಿಕೆ. ಕರೆದ ಹಿರಿಯರೂ ಅವುಗಳ ಜೊತೆ ಓಡಿಹೋಗಿಬಿಟ್ಟರೆ?

ಮೆಣಸಿನಕಾಯಿ ಅವರಿಗೂ ಹೊರಗಿನಿಂದ ಬಂದದ್ದೇ. ನಮಗೆ ಪೋರ್ಚುಗೀಸರಾದರೆ ಅವರಿಗೆ ಜಪಾನಿನ ಕಡೆಯಿಂದ. 1614ರಲ್ಲಿ ಈ ಸುಗ್ವಾಂಗ್ ಎಂಬ ಪಂಡಿತರು ಅದನ್ನು ಜಪಾನಿನ ಸಾಸಿವೆ ಎಂಬರ್ಥದ ಹೆಸರಿನಿಂದ ಕರೆದಿದ್ದಾರೆ. ಹೆಸರು ಕಡ ಕೊಡುವ ಚಾಳಿ ಅಲ್ಲಿಯೂ ಇತ್ತು. ಇವತ್ತು ಕೆಂಪು ಕಿಮ್ಚಿ ಇಲ್ಲದ ಕೊರಿಯವನ್ನು ಯಾರೂ ಊಹಿಸಲಾರರು. ಆದರೆ ಸತ್ತವರ ಎಡೆಯಲ್ಲಿ ಮಾತ್ರ ಮೆಣಸಿನಕಾಯಿ ಬರುವುದಕ್ಕೆ ಮುಂಚಿನ ಕೊರಿಯ ಹಾಗೇ ಉಳಿದಿದೆ. ನಮ್ಮ ತಿಥಿಯ ಸಾರಿನಲ್ಲಿ ಮುಂಚಿನ ಬಿಂಡಿಗನವಿಲೆ ಉಳಿದಿರುವ ಹಾಗೆ.

"ಆದರೆ ಜೆಸಾ ಇಲ್ಲದೆ ಜೆಸಾದ ಅಡುಗೆ ಮಾಡಬಹುದೇನು?" ಮೇಷ್ಟ್ರಮ್ಮನ ಕೊನೆಯ ಪಾಟೀಸವಾಲು. ತಿಥಿಯ ವಡೆಯನ್ನು ಇನ್ನೊಂದು ದಿನ ತಿಥಿಯ ಹಾಗೆಯೇ ಮಾಡುವುದುಂಟೆ?

ಅದಕ್ಕೂ ಅವಳಲ್ಲಿ ಉತ್ತರವಿತ್ತು. ತಾನು ಮಾಡುವ ಅಡುಗೆಯ ಹೆಸರೇ ಹತ್‌ಜೆಸಾಬಾಪ್. ಹತ್ ಎಂದರೆ ಸುಳ್ಳು, ಬಾಪ್ ಎಂದರೆ ಅನ್ನ. ಸುಳ್ಳು ತಿಥಿಯ ಊಟ! ಆಂದೋಂಗ್‌ನಲ್ಲಿ ಇದಕ್ಕೊಂದು ಕತೆ ಹೇಳುತ್ತಾರೆ. ಗುರುಕುಲದಲ್ಲಿ ರಾತ್ರಿಯೆಲ್ಲ ಓದುತ್ತಿದ್ದ ಪಂಡಿತರಿಗೆ ಹಸಿವು. ಸುತ್ತ ಜನ ಬಡತನದಲ್ಲಿರುವಾಗ ಬಿಳಿ ಅನ್ನ ಬೇಯಿಸಿ ತಿನ್ನುವುದಕ್ಕೆ ನಾಚಿಕೆ. ಹಾಗೆಂದು ಹಸಿವು ಬಿಡುತ್ತದೆಯೆ? ಊದುಬತ್ತಿ ಹಚ್ಚಿ, ಯಾವನೋ ಹಿರಿಯನ ಜೆಸಾ ಎಂದು ಗದ್ದಲ ಮಾಡಿ, ಎಡೆಯಿಟ್ಟ ಶಾಸ್ತ್ರ ಮಾಡಿ ಹೊಟ್ಟೆ ತುಂಬ ಉಂಡರು. ಕತೆ ನಿಜವೋ ಅಲ್ಲವೋ, ಊಟವಂತೂ ನಿಜ. ಆಂದೋಂಗ್‌ನ ಹೋಟೆಲುಗಳಲ್ಲಿ ಇಂದಿಗೂ ಕಂಚಿನ ಬಟ್ಟಲುಗಳಲ್ಲಿ ಬಡಿಸುತ್ತಾರೆ.

ಮೇಷ್ಟ್ರಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರಿಗೆ ತಡೆಯಲಾರದ ನಗು ಬಂತು. ಮೇಷ್ಟ್ರಿಗೆ ತಿಥಿ ಊಟವೆಂದರೆ ಪ್ರಾಣ. ಕರಿಮೆಣಸಿನ ಸಾರು, ಗರಿಗರಿ ವಡೆ, ಎಳ್ಳುಂಡೆ. "ನಮ್ಮಪ್ಪ ತಿಂಗಳಿಗೊಂದು ಸಲ ಸಾಯಬಾರದಿತ್ತೇ" ಎಂದು ಪ್ರತಿ ವರ್ಷ ಎಲೆ ಮುಂದೆ ಕೂತು ಹೇಳುವುದು, ಹೆಂಡತಿ ಬೈಯುವುದು. ಅಂಥವರ ಮನೆಗೆ ಸುಳ್ಳು ತಿಥಿ ಗೊತ್ತಿರುವ ಊರಿನಿಂದಲೇ ಸೊಸೆ ಬಂದಿದ್ದಳು. ನೋಡಲು ಅವರಿರಲಿಲ್ಲ.

"ಒಳಗೇ ಮಾಡಲಿ" ಎಂದರು ಮೇಷ್ಟ್ರಮ್ಮ. ಎದ್ದು ಅಟ್ಟದಿಂದ ಕಂಚಿನ ಬಟ್ಟಲುಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು.

ಅಡುಗೆ ದೊಡ್ಡ ವಿದ್ಯೆಯೇನಲ್ಲ; ಕೈ ಹದ ಬೇಕು. ಜೆಸಾದ ಎಡೆಗೆ ಮೂರು ಬಣ್ಣದ ಪಲ್ಯ ಮುಖ್ಯ. ಇದಕ್ಕೆ ನಮುಲ್ ಎನ್ನುತ್ತಾರೆ. ಬಿಳಿಯದು ಬೇರು, ಕಂದು ಬಣ್ಣದ್ದು ಜರೀಗಿಡದ ಎಳೆ ಕುಡಿ, ಹಸಿರು ಎಲೆ. ಜರೀಗಿಡದ ಒಣಗಿಸಿದ ಕುಡಿ ಗೋಸಾರಿಯನ್ನು ಅವಳು ಪೆಟ್ಟಿಗೆಯಲ್ಲಿ ತಂದಿದ್ದಳು. ಹಸಿಯದರಲ್ಲಿ ವಿಷದ ಅಂಶವಿರುವುದರಿಂದ ಬೇಯಿಸಿ ಒಣಗಿಸಿ, ಮತ್ತೆ ನೆನೆಸಿ ಬೇಯಿಸಿ ನೀರು ಚೆಲ್ಲಿಯೇ ಉಣ್ಣಬೇಕು. ಜರೀಗಿಡ ತಿನ್ನುವುದೇ ಎಂದು ಮೂಗು ಮುರಿಯಬೇಕಾಗಿಲ್ಲ. ಅದರದೇ ನೆಂಟನೊಬ್ಬನ ಕುಡಿಯನ್ನು ತಿಮ್ಮಯ್ಯನವರ ಕೊಡಗಿನಲ್ಲಿ ಮಳೆಗಾಲಕ್ಕೆ ತೆರ್ಮೆ ತೊಪ್ಪೆಂದು ಪಲ್ಯ ಮಾಡುತ್ತಾರೆ. ಬಿಳಿಗೆ ಬಿಂಡಿಗನವಿಲೆಯ ಮೂಲಂಗಿ, ಹಸಿರಿಗೆ ಪಾಲಕ್ ಸೊಪ್ಪು. ಮೊಳಕೆ ಬೇಕೆಂದಾಗ ಮೇಷ್ಟ್ರಮ್ಮ ಹೆಸರುಕಾಳಿನ ಮೊಳಕೆ ಕೊಟ್ಟರು. ಅಲ್ಲಿಯೂ ಅದನ್ನು ಹಾಕುತ್ತಾರಂತೆ. ಒಂದೊಂದನ್ನೂ ಬೇರೆ ಬೇರೆ ಬೇಯಿಸಿ, ಹಿಂಡಿ, ಉಪ್ಪು, ಹುರಿದ ಎಳ್ಳಿನ ಪುಡಿ, ಎಳ್ಳೆಣ್ಣೆ ಹಾಕಿ ಬೆರಳಿನಲ್ಲಿ ಮೆಲ್ಲಗೆ ಬೆರೆಸುವುದು. ಒಗ್ಗರಣೆ ಇಲ್ಲ, ತೆಂಗಿನ ತುರಿ ಇಲ್ಲ. ಎಳ್ಳಿನ ಪರಿಮಳ ಅಡುಗೆಮನೆ ತುಂಬಿದಾಗ ಮೇಷ್ಟ್ರಮ್ಮನಿಗೆ ಎರಡು ದಿನದ ಹಿಂದಿನ ತಿಥಿ ಇನ್ನೂ ಮುಗಿದಿಲ್ಲವೆನ್ನಿಸಿತು.

ಕೊನೆಗೆ ಒಂದು ಸಣ್ಣ ಸೀಸೆ ಹೊರಬಂತು. ಅಜ್ಜಿ ಮಾಡಿದ ಕಾನ್‌ಜಾಂಗ್. ಸೋಯಾ ಅವರೆಯನ್ನು ಬೇಯಿಸಿ ಕುಟ್ಟಿ ಇಟ್ಟಿಗೆಯ ಹಾಗೆ ತಟ್ಟಿ, ಹುಲ್ಲಿನಲ್ಲಿ ಕಟ್ಟಿ ವಾರಗಟ್ಟಲೆ ತೂಗುಹಾಕಿ ಬೂಸು ಹಿಡಿಸುತ್ತಾರೆ. ಆಮೇಲೆ ಮಣ್ಣಿನ ಜಾಡಿಯಲ್ಲಿ ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಮೇಲಿನ ಕಪ್ಪು ತಿಳಿಯೇ ಕಾನ್‌ಜಾಂಗ್. ಹೊಸ ಜಾಡಿಗೆ ದೃಷ್ಟಿಯಾಗದಂತೆ ಹುಲ್ಲಿನ ಹಗ್ಗ ಕಟ್ಟುವುದುಂಟು. ನಮ್ಮ ಉಪ್ಪಿನಕಾಯಿ ಜಾಡಿಗೆ ಎಷ್ಟು ಮಡಿಯೋ ಅದಕ್ಕೂ ಅಷ್ಟೇ ಎಂದು ತಿಳಿದರೆ ಸಾಕು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಓರಗಿತ್ತಿ ಎರಡು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರಮ್ಮ ಮಾತ್ರ ಇನ್ನೊಮ್ಮೆ ಮೂಸಿ, "ಹುರುಳಿ ಕಟ್ಟನ್ನ ನಾಲ್ಕು ದಿನ ಕಾಯಿಸಿಟ್ಟ ಹಾಗಿದೆ" ಎಂದರು. ನಾಗಮಂಗಲ ಸೀಮೆಯವರ ಬಾಯಲ್ಲಿ ಇದು ಬೈಗುಳವಲ್ಲ.

ಬಟ್ಟಲಿನಲ್ಲಿ ಅನ್ನ, ಅದರ ಮೇಲೆ ಬಣ್ಣಬಣ್ಣದ ನಮುಲ್, ನಾಲ್ಕು ಹನಿ ಕಾನ್‌ಜಾಂಗ್. ಎಲ್ಲವನ್ನೂ ಕಲಸಿ ಉಣ್ಣಬೇಕು. ಪೇಟೆಯ ಹೋಟೆಲುಗಳಲ್ಲಿ ಸಿಗುವ ಬಿಬಿಂಬಾಪ್ ಎಂದರೂ ಕಲಸಿದ ಅನ್ನವೆಂದೇ ಅರ್ಥ. ಅದಕ್ಕೆ ಕೆಂಪು ಮೆಣಸಿನ ಗೊಜ್ಜು, ಇದಕ್ಕೆ ಕಪ್ಪು ತಿಳಿ. ಜೆಸಾದ ಎಡೆಯನ್ನೆಲ್ಲ ಒಂದೇ ಬಟ್ಟಲಿಗೆ ಹಾಕಿ ಕಲಸಿ ಉಂಡದ್ದರಿಂದಲೇ ಬಿಬಿಂಬಾಪ್ ಹುಟ್ಟಿತೆಂದು ಹೇಳುವವರೂ ಇದ್ದಾರೆ. ಸೊಸೆ ಚಮಚ ಕೊಟ್ಟಳು. ಮೇಷ್ಟ್ರಮ್ಮ ಅದನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಕಲಸಿದರು. ಕಲಸನ್ನದಲ್ಲಿ ಅವರಿಗೆ ಪಾಠ ಹೇಳುವವರು ಯಾರು? ಮೇಲುಕೋಟೆಯ ಪುಳಿಯೋಗರೆಗೂ ಹದ ಹೇಳುವ ಕೈ ಅದು.

ಮೊದಲ ತುತ್ತು ಬಾಯಿಗೆ ಹೋಯಿತು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಸೊಸೆಯೊಬ್ಬಳು ನೋಡುತ್ತಿರಲಿಲ್ಲ. ಬಾಗಿಲ ಕಡೆ ತಿರುಗಿ ಕೂತಿದ್ದಳು.

ರುಚಿಯಲ್ಲಿ ಅಬ್ಬರವಿರಲಿಲ್ಲ. ಖಾರವಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ. ಮೊದಲು ಎಳ್ಳು, ಆಮೇಲೆ ಉಪ್ಪು, ಆಮೇಲೆ ಜರೀಗಿಡದ ಕುಡಿ ಹಲ್ಲಿಗೆ ಸಿಕ್ಕಿದಾಗ ಒಂದು ಕಾಡಿನ ಕಮಟು. ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಆ ಕಪ್ಪು ತಿಳಿಯ ರುಚಿ ಬಹಳ ಹೊತ್ತು ನಿಂತಿತು. ಹಿಡಿಸುತ್ತದೆಂದೂ ಹೇಳಲಾಗದ, ಹಿಡಿಸುವುದಿಲ್ಲವೆಂದೂ ಹೇಳಲಾಗದ ರುಚಿ. ಮೇಷ್ಟ್ರಮ್ಮ ಎರಡನೆಯ ತುತ್ತು ಕಲಸಿದರು, ಮೂರನೆಯದನ್ನೂ. ಬಟ್ಟಲು ಅರ್ಧವಾದಾಗ ಕೈ ನಿಂತಿತು.

"ಅವರಿದ್ದಿದ್ದರೆ ಎರಡು ಸಲ ಹಾಕಿಸಿಕೊಳ್ತಿದ್ರು" ಎಂದರು.

ಮಗ ಇದನ್ನು ಅನುವಾದಿಸಲು ಹೊರಟು, ಸಾಧ್ಯವಾಗದೆ, ತಟ್ಟೆ ನೋಡುತ್ತಾ ಕೂತ. ನಾಲ್ಕು ವರ್ಷದ ಹಿಂದೆ ಮೊಬೈಲಿನ ಮುಂದೆ ಬರಲಾರದ ಅಳು ಈಗ ಅಡುಗೆಮನೆಯಲ್ಲಿ, ಬಾಯಿ ತುಂಬ ಅನ್ನವಿರುವಾಗ ಬಂತು. ಸೊಸೆಗೆ ಅನುವಾದ ಬೇಕಾಗಲಿಲ್ಲ. ಅವಳು ಎದ್ದು ಅತ್ತೆಯ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಮಾವನ ಪಾಲಿನದು ಎಂದು ಹಾಕಿದಳೋ, ಬರಿದಾದ ಬಟ್ಟಲು ಕಂಡು ಹಾಕಿದಳೋ ಯಾರು ಕೇಳುತ್ತಾರೆ? ಮೇಷ್ಟ್ರಮ್ಮ ಬೇಡವೆನ್ನಲಿಲ್ಲ.

ಹೊಸ ಊಟವೆಂದರೆ ನಾಲಗೆಯ ಪರೀಕ್ಷೆ ಎಂದುಕೊಂಡಿರುತ್ತೇವೆ. ನಾಲಗೆ ಪಾಪ ಎರಡು ತುತ್ತಿಗೆ ಒಗ್ಗಿಕೊಳ್ಳುತ್ತದೆ. ಒಗ್ಗದಿರುವುದು ಅದರ ಹಿಂದಿರುವ ಲೆಕ್ಕಾಚಾರ: ಯಾರು ಮಾಡಿದ್ದು, ಯಾವ ಒಲೆಯಲ್ಲಿ, ಯಾರಿಗಾಗಿ. ಮೇಷ್ಟ್ರಮ್ಮ ಆ ದಿನ ಉಂಡದ್ದು ಪರದೇಶದ ಅಡುಗೆಯನ್ನೆಂದು ಊರಿನವರ ತಿಳಿವಳಿಕೆ. ತನ್ನ ಹಾಗೆಯೇ ಹಸಿದ ಹೊಟ್ಟೆಯಲ್ಲಿ, ರುಚಿ ನೋಡದೆ, ಹೋದವರಿಗೆಂದು ಬೇಯಿಸಿದ ಒಬ್ಬ ಮುದುಕಿಯ ಅಡುಗೆಯನ್ನು ಉಂಡೆನೆಂದು ಅವರ ತಿಳಿವಳಿಕೆ. ಆ ಮುದುಕಿ ಆಂದೋಂಗ್‌ನಲ್ಲಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ.

ಮಗ ಸೊಸೆ ಹೊರಟ ಮೇಲೆ ನೆಂಟರ ಫೋನುಗಳು ಶುರುವಾದವು. "ಏನೋ ಕೊರಿಯನ್ ಊಟ ಮಾಡಿದ್ರಂತೆ, ಹೇಗಿತ್ತು?"

"ಉಪ್ಪು ಒಂದು ಚೂರು ಕಡಿಮೆ" ಎನ್ನುತ್ತಾರೆ ಮೇಷ್ಟ್ರಮ್ಮ. "ಬಾಯಲ್ಲಿ ಹಾಕಿ ನೋಡದೆ ಮಾಡಿದ್ಲಲ್ಲ, ನಮ್ಮ ಹಾಗೇ."

ಕಾನ್‌ಜಾಂಗ್ ಸೀಸೆಯನ್ನು ಸೊಸೆ ಬಿಟ್ಟುಹೋಗಿದ್ದಾಳೆ. ಅದು ಉಪ್ಪಿನಕಾಯಿ ಜಾಡಿಗಳ ಸಾಲಿನಲ್ಲಿಲ್ಲ, ಹಿತ್ತಲ ಗೂಡಿನಲ್ಲೂ ಇಲ್ಲ. ವರ್ಷಕ್ಕೊಮ್ಮೆ ಇಳಿಸುವ ಎಳ್ಳು, ಕರಿಮೆಣಸಿನ ಡಬ್ಬಿಗಳ ಪಕ್ಕದಲ್ಲಿ, ಮೇಲಿನ ಗೂಡಿನಲ್ಲಿದೆ.